ಕೈಗುಣದ ಕೊನೆಯ ಚೂರು

ಎಣ್ಣೆ ಹರಡುತ್ತಿದೆ, ಕಾಗದದ ಕರವಸ್ತ್ರದ ಒಂದು ಮೂಲೆಯಲ್ಲಿ ಕಾಸಿನಗಲ ಇದ್ದದ್ದು ಈಗ ಅಂಗೈಯಗಲ ಆಗಿದೆ, ತಳ್ಳುಗಾಡಿಯ ಕೆಳತಟ್ಟಿನಲ್ಲಿ ಹತ್ತಿಯ ಡಬ್ಬಿಗೂ ಕೈಗವಸಿನ ಪೆಟ್ಟಿಗೆಗೂ ನಡುವೆ ಗಿಬಾನಿತ್ಸಾ ಎಂಬ ಪದರ ಪದರದ ತಿಂಡಿಯ ಆ ಕೊನೆಯ ಚೂರು ಮುಸುಕು ಹಾಕಿಕೊಂಡು ಕೂತಿದೆ, ಗಾಡಿಯ ಮುಂದಿನ ಗಾಲಿ ಕೀಂ ಎಂದಾಗಲೆಲ್ಲ ಅದೂ ಒಂದಿಷ್ಟು ಅಲುಗುತ್ತದೆ, ಅಲುಗಿದಾಗ ಮೊಟ್ಟೆ ಚೀಸ್ ಬೆಣ್ಣೆಯ ವಾಸನೆ ಸ್ಪಿರಿಟ್ಟಿನ ವಾಸನೆಯನ್ನು ಬಗೆದುಕೊಂಡು ಮೇಲೆ ಬರುತ್ತದೆ, ಸೆಂಕಾಳ ಹೊಟ್ಟೆ ಗುರ್ ಎನ್ನುತ್ತದೆ. ಅವಳ ಚಿಂತೆ ಇಷ್ಟೇ, ಬೇರೆಯವರ ಮುಂದೆ ಹೇಳುವಂಥದ್ದಲ್ಲ, ತನಗೆ ತಾನೇ ಹೇಳಿಕೊಳ್ಳುವುದಕ್ಕೂ ನಾಚಿಕೆ — ತಾನು ಮನೆಯಿಂದ ಹೊತ್ತು ತಂದ ಆ ದೊಡ್ಡ ತಟ್ಟೆಯಲ್ಲಿ ತಾನು ಮಾತ್ರ ಒಂದು ತುಣುಕೂ ಬಾಯಿಗಿಟ್ಟಿಲ್ಲ ಎನ್ನುವುದನ್ನು ಯಾರಾದರೂ ನೋಡಿರಬಹುದೇ? ನೋಡಿದ್ದರೆ ಏನೆಂದುಕೊಂಡಾರು, ಡಯಟ್ ಎಂದುಕೊಂಡಾರು, ಅಹಂಕಾರ ಎಂದುಕೊಂಡಾರು, ಒಳಗೆ ಏನೋ ಹಾಕಿದ್ದಾಳೆ ಎಂದೂ ಅಂದುಕೊಂಡಾರು. ಇಲ್ಲ, ಯಾರೂ ನೋಡಿಲ್ಲ. ಸೆಂಕಾ ಎಂದರೆ ನೆರಳು, ಹುಟ್ಟಿದ ಮಗುವಿಗೆ ನೆರಳು ಅಂತ ಹೆಸರಿಟ್ಟವಳು ಅಮ್ಮ, ಆಮೇಲೆ ನೀನ್ಯಾಕೆ ನಾಲ್ಕು ಜನರೆದುರಿಗೆ ಬಾಯಿ ಬಿಡಲ್ಲ ಅಂತ ಇಪ್ಪತ್ತು ವರ್ಷ ಬೈದವಳೂ ಅಮ್ಮನೇ. ನೆರಳು ತಿಂದಿತೋ ಬಿಟ್ಟಿತೋ ಯಾರಿಗೆ ಬೇಕು. ಆದರೆ ಇವತ್ತು ಬೆಳಗ್ಗೆಯಿಂದ ಎಲ್ಲರಿಗೂ ಬೇಕಾಗಿಬಿಟ್ಟಿದೆ.

ಮುಂದೆ ಹೆಡ್ ಸಿಸ್ಟರ್ ವುಕೋಸಾವಾ ನಡೆಯುತ್ತಿದ್ದಾರೆ, ಅವರ ಬಿಳಿ ಚಪ್ಪಲಿ ಚಟ್ ಚಟ್, ಹಿಂದಿನಿಂದ ನೋಡಿದರೆ ತೇರಿಲ್ಲದೆ ತಾವೇ ತೇರಾಗಿ ಹೊರಟವರ ಹಾಗೆ, ಹೊರಡುವ ಮೊದಲು ಅವರೇ ಆ ಚೂರಿಗೆ ಕಾಗದ ಸುತ್ತಿದ್ದು, ಮುಟ್ಟಿದರೆ ಕೈ ಮುರೀತೀನಿ ಅಂತ ತಿಹೋಮಿರ್‌ಗೆ ಹೇಳಿದ್ದು, ಇದು ಆರನೇ ಕೋಣೆ ಸ್ತಾಮೆನಾ ಅಜ್ಜಿಗೆ, ನಿನ್ನೆ ಸಂಜೆಯಿಂದ ಹೊಟ್ಟೆಗೆ ಏನೂ ಇಲ್ಲ ಪಾಪ, ರಕ್ತ ಕೊಟ್ಟ ತಕ್ಷಣ ತಿನ್ಲಿ, ಸೆಂಕಾ ನೀನೇ ರಕ್ತ ತೆಗಿ, ನೀನೇ ಕೈಯಾರೆ ಕೊಡು, ಅಂದವರು ಅವರೇ. ಅಂದಾಗ ಸಿಸ್ಟರುಗಳ ಕೋಣೆಯಲ್ಲಿ ಎಲ್ಲರ ಬಾಯಲ್ಲೂ ಗಿಬಾನಿತ್ಸಾ ಇತ್ತು, ಎಲ್ಲರೂ ಅದರ ಸಮೇತ ನಕ್ಕರು, ಕಾಫಿ ಕುದಿಸುವ ಹಿಡಿಪಾತ್ರೆ ಒಲೆಯ ಮೇಲೆ ಉಕ್ಕಿತು, ಸೆಂಕಾ ಓಡಿಹೋಗಿ ಒಲೆ ಒರೆಸಿದಳು. ಒರೆಸುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಹಾಸಿಗೆಯಲ್ಲಿ ಮಲಗಿದವರನ್ನು ಎತ್ತದೆಯೇ ಕೆಳಗಿನ ಹೊದಿಕೆ ಬದಲಿಸುವುದು ಬರುತ್ತದೆ, ಬೆಡ್‌ಪ್ಯಾನು ಬರುತ್ತದೆ, ಜ್ವರ ನೋಡುವುದು, ಬಿ.ಪಿ. ನೋಡುವುದು, ಅಳುವವರ ಪಕ್ಕದಲ್ಲಿ ಸುಮ್ಮನೆ ಕೂರುವುದು ಬರುತ್ತದೆ. ಸೂಜಿ — ಗಾಲಿ ಕೀಂ ಎಂದಿತು, ಸೂಜಿಯ ವಿಷಯ ಆಮೇಲೆ.

ಆಮೇಲೆ ಎಂದರೆ ಯಾವಾಗ, ಇದು ಮೂರನೇ ಕೋಣೆ, ಇನ್ನು ಮೂರು ಬಾಗಿಲು ದಾಟಿದರೆ ಆರು. ಎದೆ ಹೊಡೆದುಕೊಳ್ಳುತ್ತಿದೆ, ಇದು ಭಯವೇ, ರೋಗವೇ? ಎರಡೂ ಇರಬಹುದು, ಯಾಕೆಂದರೆ ನರ್ಸಿಂಗ್ ಕಾಲೇಜಿನಿಂದ ಪ್ರಾಕ್ಟೀಸಿಗೆ ಬಂದಾಗಿನಿಂದ ಅವಳಿಗೆ ಬರದ ರೋಗವಿಲ್ಲ, ಹೃದಯದ ವಾರ್ಡಿನಲ್ಲಿದ್ದಾಗ ಎಡಗೈ ಜೋಮು, ಶ್ವಾಸಕೋಶದ ವಾರ್ಡಿಗೆ ಹೋದ ಮೊದಲ ಬೆಳಗ್ಗೆಯೇ ಕೆಮ್ಮು, ಮೂತ್ರರೋಗದ ವಾರ್ಡಿನಲ್ಲಿ ಪ್ರಾಸ್ಟೇಟ್ ಊದಿಕೊಂಡ ಎಲ್ಲ ಲಕ್ಷಣಗಳೂ ಒಂದೊಂದಾಗಿ ಕಾಣಿಸಿಕೊಂಡು ಅವಳು ಒಂದು ಮಧ್ಯಾಹ್ನವಿಡೀ ಬಿಳಿಚಿಕೊಂಡಿದ್ದಳು, ಹೆಂಗಸರಿಗೆ ಅದು ಇರುವುದೇ ಇಲ್ಲ ಎಂದು ನೆನಪಾಗುವವರೆಗೆ. ತಿಹೋಮಿರ್‌ಗೆ ಅದೊಂದನ್ನು ಹೇಳಬಾರದಿತ್ತು. ಅವತ್ತಿನಿಂದ ಅವನು ಅವಳನ್ನು ಕಂಡಾಗಲೆಲ್ಲ ಹೇಗಿದಾನೆ ನಿನ್ನ ಪ್ರಾಸ್ಟೇಟು ಅಂತ ಕೇಳುತ್ತಾನೆ, ಲಿಫ್ಟಿನಲ್ಲಿ, ಡಾಕ್ಟರುಗಳ ಎದುರಿಗೆ. ತಿಹೋಮಿರ್ ಅವಳಿಗಿಂತ ಒಂದು ವರ್ಷ ಮುಂದಿನವನು, ಉದ್ದ ಕೈ, ಉದ್ದ ನಾಲಿಗೆ, ಯಾರ ಹಂಗೂ ಇಲ್ಲದೆ ಒಬ್ಬನೇ ರಕ್ತ ತೆಗೆಯುವ ಅನುಮತಿ ಇದೆ, ಶಿಳ್ಳೆ ಹಾಕುತ್ತಾ ತೆಗೆಯುತ್ತಾನೆ, ಇವಳಿಗೋ ಕಾಲೇಜಿನ ರಬ್ಬರ್ ಕೈ ಒಂದೇ. ರಬ್ಬರ್ ಕೈಯಲ್ಲಿ ಅವಳೇ ತರಗತಿಗೆ ಮೊದಲು, ಅದನ್ನು ಯಾರಾದರೂ ಕೇಳಲಿ, ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ ಆ ಕೈಗೆ ಹುಡುಗರು ಪೇರಾ ಮಾವ ಅಂತ ಹೆಸರಿಟ್ಟಿದ್ದರು, ಪೇರಾ ಮಾವನ ಒಳಗೆ ಕೆಂಪು ಶಾಯಿ ಹರಿಯುತ್ತಿತ್ತು, ಸೆಂಕಾ ಚುಚ್ಚುವ ಮೊದಲು ಪ್ರತಿಸಲವೂ ಸಣ್ಣ ದನಿಯಲ್ಲಿ ಕ್ಷಮಿಸಿ ಅನ್ನುತ್ತಿದ್ದಳು, ಟೀಚರು ಒಮ್ಮೆ ಕೇಳಿಸಿಕೊಂಡು ಯಾರಿಗಮ್ಮಾ ಅಂದರು. ಪೇರಾ ಮಾವನಲ್ಲಿ ಒಂದು ಒಳ್ಳೆಯ ಗುಣವಿತ್ತು. ಅವನಿಗೆ ಮುಖ ಇರಲಿಲ್ಲ.

ಝಿವಾದಿನ್ ಅಜ್ಜನಿಗೆ ಮುಖ ಇತ್ತು, ಅದೇ ಆದದ್ದು. ಅದೂ ಎಂಥ ಮುಖ, ನಲವತ್ತು ವರ್ಷ ಮದುವೆ ಮನೆಗಳಲ್ಲಿ ಕಹಳೆ ಊದಿ ಊದಿ ಕೆನ್ನೆ ಜೋತು ಬಿದ್ದಿದೆ, ಮೀಸೆ ಮಾತ್ರ ಬಿದ್ದಿಲ್ಲ, ತಿಮೋಕ್ ನದಿಯ ಈಚೆಗೂ ಆಚೆಗೂ ಈ ಅಜ್ಜ ಊದದೆ ಇದ್ದ ಮದುವೆ ಮದುವೆಯೇ ಅಲ್ಲ ಎನ್ನುತ್ತಾರೆ, ಹೀಗೆ ಎನ್ನುವವನು ಮುಖ್ಯವಾಗಿ ಅವನೇ. ನಿನ್ನೆ ಬೆಳಗ್ಗೆ ಹೆಡ್ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು, ಶುರು ಮಾಡು ಹುಡುಗಿ, ಇವತ್ತು ನಿನ್ನ ಮೊದಲನೇ ರಕ್ತ, ಎಂದರು, ಅಷ್ಟರಲ್ಲಿ ಹೊರಗೆ ಫೋನು ಹೊಡೆದುಕೊಂಡಿತು, ಅವರು ಬಾಗಿಲಾಚೆ ಹೋದರು, ನಾನು ಬರೋವರೆಗೂ ಚುಚ್ಚಬೇಡ, ತಿಹೋಮಿರ್ ಸ್ವಲ್ಪ ನೋಡ್ಕೊಳೋ. ಸೆಂಕಾ ರಬ್ಬರ್ ಪಟ್ಟಿ ಕಟ್ಟಿದಳು, ಹತ್ತಿಯಿಂದ ಒರೆಸಿದಳು, ತಲೆ ಎತ್ತಿ ನೋಡಿದಳು, ನೋಡಬಾರದಿತ್ತು, ಅಷ್ಟು ದೊಡ್ಡ ಗಂಡಸು, ತೊಟ್ಟಿಲ ಮಗುವಿನ ಹಾಗೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಮೀಸೆಯ ತುದಿ ನಡುಗುತ್ತಾ, ತುಟಿಯಲ್ಲಿ ಏನೋ ಪಿಸುಗುಟ್ಟುತ್ತಾ, ಸಂತ ನಿಕೋಲಾ ಕಾಪಾಡಪ್ಪಾ ಕಾಪಾಡಪ್ಪಾ. ಅವಳ ಬೆರಳು ಕಲ್ಲಾಯಿತು. ತಿಹೋಮಿರ್ ಅವಳ ಕೈಯಿಂದ ಸೂಜಿ ತೆಗೆದುಕೊಂಡ, ಶಿಳ್ಳೆ ಕೂಡ ಹಾಕಲಿಲ್ಲ, ಮೂರೇ ಉಸಿರಿನಲ್ಲಿ ಟ್ಯೂಬು ತುಂಬಿಸಿ ಅವಳ ಬೆರಳುಗಳ ನಡುವೆ ಸಿಕ್ಕಿಸಿ, ಪಕ್ಕದ ಮಂಚದವನು ಕೂಗಿದನೆಂದು ಆ ಕಡೆಗೆ ತಿರುಗಿದ. ಆಗ ಅಜ್ಜ ಕಣ್ಣು ಬಿಟ್ಟ. ನೋಡಿದ್ದು ಏನು, ಎದುರಿಗೆ ಸೆಂಕಾ, ಸೆಂಕಾಳ ಕೈಯಲ್ಲಿ ಬೆಚ್ಚಗಿನ ಕೆಂಪು ಟ್ಯೂಬು.

ಆಯ್ತಾ, ಅಂದ. ಆಗೋಯ್ತಾ? ಏನವ್ವಾ ಇದು, ಗೊತ್ತೇ ಆಗ್ಲಿಲ್ವಲ್ಲಾ! ಸೊಳ್ಳೆ ಆದ್ರೂ ಕಚ್ಚೋಕೆ ಮುಂಚೆ ಹಾಡು ಹೇಳ್ತದೆ, ಇವಳು ಅದೂ ಇಲ್ಲ! ಹಗುರದ ಕೈ ಕಣ್ರೋ ಇವಳದು, ಹಗುರದ ಕೈ! ಕಹಳೆಯವನ ಗಂಟಲು, ಅದು ಮೆಟ್ಟಿಲಿಳಿದು ಅಡುಗೆಮನೆಯವರೆಗೂ ಹೋಯಿತು, ಹೆಡ್ ಸಿಸ್ಟರ್ ಫೋನು ಇಟ್ಟು ಓಡಿ ಬಂದರು, ಟ್ಯೂಬು ನೋಡಿದರು, ಅವಳನ್ನು ನೋಡಿದರು, ನಾನು ಬರೋವರೆಗೂ ಕಾಯಿ ಅಂದಿರಲಿಲ್ವಾ ಅಂತ ಒಂದು ಸಲ ಗದರಿ, ಬೈಗುಳ ಮುಗಿಯುವ ಮೊದಲೇ ತಬ್ಬಿಕೊಂಡರು, ಮೂರು ಮುತ್ತು, ಎಡ ಬಲ ಎಡ, ಇನ್ನೇನು ಸೆಂಕಾ, ನಾಳೆ ಚಾಸ್ತ್ ಅಂತ ತಿಂಡಿ ತರಲೇಬೇಕು, ಮೊದಲನೇ ರಕ್ತ ತೆಗೆದವರು ವಾರ್ಡಿಗೆ ತಿನ್ನಿಸದೆ ಇದ್ದರೆ ಕೈ ಭಾರ ಆಗಿಬಿಡ್ತದೆ, ಗೊತ್ತಲ್ಲ. ಗೊತ್ತು. ಎಲ್ಲರಿಗೂ ಗೊತ್ತು, ಈ ವಾರ್ಡಿನಲ್ಲಿ ಡಾಕ್ಟರು ಹೊಸ ಕಾರು ತಂದರೂ ಚಾಸ್ತ್, ಗುಡಿಸುವವಳಿಗೆ ಮೊಮ್ಮಗ ಹುಟ್ಟಿದರೂ ಚಾಸ್ತ್, ಕಳೆದ ತಿಂಗಳು ತಿಹೋಮಿರ್ ಡ್ರೈವಿಂಗ್ ಪರೀಕ್ಷೆಯಲ್ಲಿ ನಾಲ್ಕನೇ ಸಲ ಫೇಲಾದದ್ದಕ್ಕೂ ಹಟ ಹಿಡಿದು ಬುರೆಕ್ ತರಿಸಿ ತಿಂದರು.

ಹೇಳುವುದಕ್ಕೆ ಒಂದು ಗಳಿಗೆ ಇತ್ತು. ಸೆಂಕಾ ಅದನ್ನು ನಿನ್ನೆಯಿಂದ ನೂರು ಸಲ ತಿರುಗಿಸಿ ಮುರುಗಿಸಿ ನೋಡಿದ್ದಾಳೆ, ಎಡಗೆನ್ನೆಯ ಎರಡನೇ ಮುತ್ತಿಗೆ ಮೊದಲು, ಉಸಿರೆಳೆದುಕೊಳ್ಳುವಷ್ಟು ಜಾಗ, ಅದರಲ್ಲಿ ತಿಹೋಮಿರ್ ತೆಗೆದ ಎಂಬ ಎರಡು ಮಾತು ಆರಾಮವಾಗಿ ಹಿಡಿಸುತ್ತಿತ್ತು, ಅವಳು ಬಾಯಿ ತೆರೆದದ್ದೂ ನಿಜ, ಆದರೆ ಅಷ್ಟರಲ್ಲಿ ಹೆಡ್ ಸಿಸ್ಟರ ಎದೆಗೆ ಮೂಗು ಒತ್ತಿತ್ತು, ಲಾಂಡ್ರಿ ಸೋಪಿನ ವಾಸನೆ, ತಬ್ಬುಗೆ ಬೆಚ್ಚಗಿತ್ತು — ಇದನ್ನೂ ಒಪ್ಪಿಕೋ ಸೆಂಕಾ, ಬೆಚ್ಚಗಿತ್ತು, ಪ್ರಾಕ್ಟೀಸಿಗೆ ಬಂದಾಗಿನಿಂದ ಯಾರಾದರೂ ನಿನ್ನನ್ನು ಏ ಹುಡುಗಿ ಅನ್ನದೆ ಸೆಂಕಾ ಅಂದದ್ದೇ ಮೊದಲು. ಆಮೇಲೆ ತಡವಾಯಿತು. ನಿಜ ಹೇಳುವುದೂ ಬ್ರೆಡ್ಡಿನ ಹಾಗೆ, ಬಿಸಿ ಇದ್ದಾಗ ಮುರಿದರೆ ಮುರಿಯಿತು, ಆರಿದ ಮೇಲೆ ಚಾಕು ಬೇಕು. ತಿಹೋಮಿರ್ ಮಾತ್ರ ಕಾರಿಡಾರಿನಲ್ಲಿ ಸಿಕ್ಕಾಗ ಹೊಟ್ಟೆ ಹಿಡಿದುಕೊಂಡು ನಕ್ಕ, ಬಿಡೇ, ಏನು ಕಳಕೊಂಡೆ, ಅಜ್ಜಂಗೆ ಖುಷಿ, ಹೆಡ್ ಸಿಸ್ಟರ್‌ಗೆ ಖುಷಿ, ನಿಮ್ಮಮ್ಮಂದು ಗಿಬಾನಿತ್ಸಾ ನಂಗೆ ಖುಷಿ. ಆದ್ರೆ ಅದು ನಾನಲ್ಲ ಅಲ್ವಾ, ಅಂದಳು. ಕೈಗುಣ ಅನ್ನೋದು ಕೈಯಲ್ಲಿ ಇರಲ್ಲ ಕಣೇ, ಮಲಗಿರೋರ ತಲೇಲಿರತ್ತೆ, ಅಂದ. ಅವನು ಹೇಳಿದ ಒಂದು ಮಾತಾದರೂ ಪೂರ್ತಿ ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು.

ನಾಲ್ಕನೇ ಕೋಣೆ. ಒಳಗಿನಿಂದ ಯಾರೋ, ಅವಳೇ ಅಲ್ವಾ, ಅಂದರು. ಅವಳೇ. ಕತ್ತು ಬಿಸಿಯಾಗುತ್ತದೆ, ಕಿವಿ ಬಿಸಿಯಾಗುತ್ತದೆ, ಅಂಗೈ ಮಾತ್ರ ಐಸು, ಹಗುರದ ಕೈ ಐಸಿನ ಕೈ. ನಿನ್ನೆ ಸಂಜೆ ಅಮ್ಮನಿಗೆ ಸುಮ್ಮನೆ ಅಂಗಡಿಯಿಂದ ಒಂದು ಡಬ್ಬಿ ಚಾಕೊಲೇಟ್ ತಂದರೆ ಸಾಕು ಅಂದಿದ್ದಳು, ಕಾರಣ ಹೇಳಿರಲಿಲ್ಲ, ವಾರ್ಡಿಗೆ ಕೊಡಬೇಕು ಅಂದಿದ್ದಳು ಅಷ್ಟೇ, ಅಮ್ಮ ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು, ಮೊದಲನೇ ರಕ್ತವಾ? ಸೆಂಕಾ ಹೂಂ ಅನ್ನಲಿಲ್ಲ. ಊಹೂಂ ಕೂಡ ಅನ್ನಲಿಲ್ಲ. ಅಮ್ಮ ಅಷ್ಟಕ್ಕೇ ಅಳಲು ಶುರುಮಾಡಿ, ಅಳುತ್ತಲೇ ಹಿಟ್ಟಿನ ಹಾಳೆ ಬಿಡಿಸಿ, ಮೊಟ್ಟೆ ಒಡೆದು, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ನಿಶ್‌ನ ದೊಡ್ಡಮ್ಮ, ಬೋರ್‌ನ ಚಿಕ್ಕಮ್ಮ, ಎದುರುಮನೆಯವಳು — ಎದುರುಮನೆಯವಳಿಗೆ ಕಿಟಕಿಯಿಂದಲೇ ಹೇಳಬಹುದಿತ್ತು — ಹೂಂ ಕಣೇ ನಮ್ಮ ಸೆಂಕಾ, ಅಜ್ಜನಿಗೆ ಗೊತ್ತೇ ಆಗ್ಲಿಲ್ಲವಂತೆ! ಅಜ್ಜನ ಮಾತು ಮನೆಗೆ ಮುಟ್ಟಿದ್ದು ಹೇಗೆ ಎಂದರೆ, ಅಜ್ಜನ ಸೊಸೆ ಅಮ್ಮ ಹೋಗುವ ಬ್ಯೂಟಿ ಪಾರ್ಲರಿಗೇ ಹೋಗುತ್ತಾಳೆ, ಈ ಊರಲ್ಲಿ ಡಂಗುರ ಹೊಡೆಯುವವನ ಅಗತ್ಯ ಎಂದೂ ಬಿದ್ದಿಲ್ಲ. ನಮ್ಮ ವಂಶದಲ್ಲೇ ಇದೆ ಅಂದಳು ಅಮ್ಮ ಬೆಣ್ಣೆ ಸವರುತ್ತಾ, ನಿನ್ನ ಮುತ್ತಜ್ಜಿ ಸೂಲಗಿತ್ತಿ, ಅವಳು ಮುಟ್ಟಿದರೆ ಮಗು ತಾನಾಗೇ ಹೊರಗೆ ಬರ್ತಿತ್ತು. ಮುತ್ತಜ್ಜಿ ಟೋಪಿ ಮಾರುತ್ತಿದ್ದಳು ಅಂತಲ್ಲವೇ ಮೊದಲು ಹೇಳುತ್ತಿದ್ದದ್ದು? ಇರಲಿ, ಒಂದು ಸಂಜೆಯಲ್ಲಿ ಸತ್ತ ಮುತ್ತಜ್ಜಿಗೂ ಹೊಸ ಕಸುಬು ಸಿಕ್ಕಿತು. ಮಲಗುವ ಮೊದಲು ಅಮ್ಮ ಕೋಣೆಗೆ ಬಂದು ಅವಳ ಬಲಗೈ ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಹೊದಿಕೆಯ ಕೆಳಗೆ ಇಟ್ಟು ಹೋದಳು, ಕಿಟಕಿ ಭದ್ರವಾಗಿ ಮುಚ್ಚಿ, ಎರಡು ಕಿಟಕಿ ಎದುರಾಬದುರು ತೆರೆದಿದ್ದರೆ ನಡುವೆ ಸುಳಿಯುವ ಗಾಳಿಗೆ ಕೈ ಸೆಟೆದುಕೊಂಡುಬಿಟ್ಟರೆ?

ಅಮ್ಮ ನಸುಕಿನಲ್ಲೆದ್ದು ಬೇಯಿಸಿ ಕೊಟ್ಟದ್ದು, ಬೆಳಗ್ಗೆ ಬಸ್ಸಿನಲ್ಲಿ ತಟ್ಟೆ ತೊಡೆಯನ್ನು ಸುಡುತ್ತಿತ್ತು. ಸಿಸ್ಟರುಗಳ ಕೋಣೆಯಲ್ಲಿ ಅದನ್ನು ಮೇಜಿನ ಮೇಲಿಟ್ಟಾಗ ಬಂಗಾರದ ಬಣ್ಣದ ಮೇಲ್ಪದರ ಉಬ್ಬಿಕೊಂಡು ನಿಟ್ಟುಸಿರು ಬಿಟ್ಟು ಇಳಿಯಿತು, ಹೆಡ್ ಸಿಸ್ಟರ್ ಕತ್ತರಿಸಿದರು, ಚೌಕ ಚೌಕ, ತಿಹೋಮಿರ್ ಎರಡು ತೆಗೆದುಕೊಂಡ, ಅವಳ ಕಿವಿಯ ಹತ್ತಿರ ಬಂದು ಬಾಯಿ ತುಂಬಿಕೊಂಡೇ, ನನ್ನ ಕೈಗುಣಕ್ಕೆ ನಾನೇ ತಿಂತಿದೀನಿ ನೋಡು, ಅಂದ. ಎಲ್ಲರೂ ತಿಂದರು, ಕೊನೆಗೆ ಒಂದು ಉಳಿಯಿತು, ಉಳಿದದ್ದರ ಸುತ್ತ ಎಲ್ಲರೂ ನಿಂತು ಎಲ್ಲರಿಗೂ ಒತ್ತಾಯ ಮಾಡಿದರು, ನೀವು ತಗೊಳಿ, ಇಲ್ಲಪ್ಪಾ ನೀವು ತಗೊಳಿ, ಕೊನೆಯ ಚೂರಿಗೆ ಕೈ ಹಾಕಿದವರಿಗೆ ನಾಚಿಕೆ ಇಲ್ಲ ಅಂತ ಈ ದೇಶದಲ್ಲಿ ತೊಟ್ಟಿಲಲ್ಲೇ ಕಲಿಸುತ್ತಾರೆ. ಒಂದೊಂದು ಮನೆಯಲ್ಲಿ ಆ ಚೂರು ಒಣಗಿ ಕಲ್ಲಾಗುವವರೆಗೂ ಕೂತಿರುತ್ತದೆ. ಅದು ಅವಳನ್ನೇ ನೋಡುತ್ತಿತ್ತು. ಅದಕ್ಕೇನು ಕಣ್ಣಿದೆಯೇ, ಇಲ್ಲ, ಆದರೂ. ಆಗಲೇ ಝಿವಾದಿನ್ ಅಜ್ಜ ಪೈಜಾಮದಲ್ಲಿ, ಮೊಮ್ಮಗಳ ಮೊಲದ ಕಿವಿಯ ಚಪ್ಪಲಿಯಲ್ಲಿ, ಬಾಗಿಲಿಗೆ ಬಂದು ನಿಂತು, ಸಿಸ್ಟರ್, ಆರನೇ ಕೋಣೇಲಿ ಮುದುಕಿ ಯಾರನ್ನೂ ಹತ್ತಿರ ಬಿಡ್ತಾ ಇಲ್ಲ, ನಾನು ಹೇಳಿದೀನಿ ನಮ್ಮ ಹುಡುಗೀನ ಕಳಿಸ್ತೀವಿ ಅಂತ, ಎಂದದ್ದು. ನಮ್ಮ ಹುಡುಗಿ. ನಾವು ಕಳಿಸುತ್ತೇವೆ. ಅಜ್ಜ ಯಾವಾಗ ಈ ಆಸ್ಪತ್ರೆಯ ಆಡಳಿತ ವಹಿಸಿಕೊಂಡ?

ಐದು. ಆ ಮುದುಕಿಯ ವಿಷಯ ಸೆಂಕಾಳಿಗೆ ಗೊತ್ತು, ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು, ಬೆಡ್‌ಪ್ಯಾನು ಕೊಟ್ಟವಳು ಅವಳೇ, ಜಡೆ ಹೆಣೆದವಳು ಅವಳೇ. ಸ್ತಾಮೆನಾ ಅಜ್ಜಿಯ ಮನೆದೇವರು ಸಂತ ಪೇತ್ಕಾ, ಅವಳ ಹಬ್ಬ ನಾಳಿದ್ದು, ಮದುವೆಯಾಗಿ ಬಂದಾಗಿನಿಂದ ಆ ಮನೆಯ ದೀಪ ಅವಳೇ ಹಚ್ಚಿರುವುದು, ಗಂಡ ಯುದ್ಧದಲ್ಲಿದ್ದಾಗಲೂ, ಸೊಂಟ ಮುರಿದಿದ್ದಾಗಲೂ, ಇವತ್ತಿನ ರಕ್ತ ಇವತ್ತೇ ಬೆಳಗ್ಗೆ ಲ್ಯಾಬಿಗೆ ಹೋಗಿ ಸರಿಯಾಗಿ ಬಂದರೆ ನಾಳೆ ಮನೆಗೆ ಅಂದಿದ್ದಾರೆ ಡಾಕ್ಟರು, ಹೋಗದಿದ್ದರೆ ಇನ್ನು ಸೋಮವಾರವೇ. ನಾಳಿದ್ದಿನ ದೀಪವನ್ನು ಸೊಸೆ ಹಚ್ಚಬೇಕಾಗುತ್ತದೆ. ಆ ಸೊಸೆಯ ಬಗ್ಗೆ ಅಜ್ಜಿ ಹೆಚ್ಚು ಮಾತಾಡುವುದಿಲ್ಲ, ಅಂಗಡಿಯಿಂದ ಉಪ್ಪಿನಕಾಯಿ ತರೋಳು, ಅನ್ನುತ್ತಾಳೆ, ಅಷ್ಟರಲ್ಲೇ ಎಲ್ಲ ಬಂತು. ಅವಳ ಎರಡೂ ತೋಳಿನಲ್ಲಿ ಹಳೆಯ ಚುಚ್ಚುಗಳ ನೀಲಿ ಹಳದಿ ಹಸಿರು, ನರಗಳು ಒಳಗೆ ಹೋಗಿ ಅಡಗಿಕೊಂಡಿವೆ, ನಿನ್ನೆ ಒಬ್ಬರು ನಾಲ್ಕು ಕಡೆ ಹುಡುಕಿದರು, ಇನ್ನು ಸಾಕು, ನಾನೇನು ಬಟ್ಟೆಯಾ ಹೊಲಿಯೋಕೆ, ಅಂತ ಅಜ್ಜಿ ತೋಳನ್ನು ಹೊದಿಕೆಯೊಳಗೆ ಸೇರಿಸಿಬಿಟ್ಟಳು. ಆ ತೋಳನ್ನು ಅವಳು ಈಗ ಹೊರಗೆ ತೆಗೆಯುವುದು ಒಂದೇ ಒಂದು ಮಾತನ್ನು ನಂಬಿ. ಆ ಮಾತು ಸುಳ್ಳು.

ಈಗ ಬಿದ್ದುಬಿಟ್ಟರೆ? ಮೂರ್ಛೆ ಹೋಗುವುದು ಕಷ್ಟವಲ್ಲ, ತರಗತಿಯಲ್ಲಿ ಎರಡನೇ ಸಾಲಿನ ಹುಡುಗಿಯರಲ್ಲಿ ಅರ್ಧ ಜನ ಹೋಗಿದ್ದಾರೆ, ಒಬ್ಬಳು ಶಸ್ತ್ರಚಿಕಿತ್ಸೆಯ ಚಿತ್ರ ನೋಡಿಯೇ ಹೋದಳು, ನೆಲ ತಣ್ಣಗಿದೆ, ತಣ್ಣಗಿನ ನೆಲದ ಮೇಲೆ ಕೂತರೆ ಮಕ್ಕಳಾಗುವುದಿಲ್ಲ ಎಂದು ಅಮ್ಮ, ಮಲಗಿದರೆ ಏನಾಗುತ್ತದೋ ಹೇಳಿಲ್ಲ. ಗಾಡಿಯನ್ನು ಗೋಡೆಗೆ ಗುದ್ದಿಸಿದರೆ ಟ್ಯೂಬುಗಳು ಒಡೆಯುತ್ತವೆ, ಹೊಸವು ತರಲು ಹೋಗಬಹುದು, ಹೋಗಿ ಬಾರದಿರಬಹುದು, ಬಸ್ಸು ಹತ್ತಿ ಬೋರ್‌ನ ಚಿಕ್ಕಮ್ಮನ ಮನೆಗೆ, ಇಲ್ಲ, ಚಿಕ್ಕಮ್ಮನಿಗೂ ಫೋನು ಹೋಗಿದೆ, ಅಲ್ಲೂ ಕೈ ತೋರಿಸು ಅನ್ನುತ್ತಾರೆ. ಅಥವಾ ಚುಚ್ಚಿಬಿಡುವುದು. ಯಾಕಾಗಬಾರದು, ಪೇರಾ ಮಾವನಿಗೆ ಎಷ್ಟು ಸಲ, ಒಂದು ಸಲವೂ ತಪ್ಪಿಲ್ಲ, ಸರಿಯಾಗಿ ಹೋದರೆ ಸುಳ್ಳು ನಿಜವಾಗಿಬಿಡುತ್ತದೆ, ಒಂದು ದಿನ ತಡವಾಗಿ ಅಷ್ಟೇ, ಗಿಬಾನಿತ್ಸಾ ಮುಂಗಡ ಕೊಟ್ಟ ಹಾಗಾಯಿತು, ಯಾರಿಗೆ ನಷ್ಟ. ಹೋಗದಿದ್ದರೆ? ಹೋಗದಿದ್ದರೆ ಆ ತೋಳಿನಲ್ಲಿ ಇನ್ನೊಂದು ನೀಲಿ, ಅದನ್ನು ಅಜ್ಜಿ ಹಗುರದ ಕೈ ಅಂತ ನಂಬಿ ಇಸಿದುಕೊಂಡದ್ದು. ಗಾಲಿ ಕೀಂ. ಕರವಸ್ತ್ರದಲ್ಲಿ ಎಣ್ಣೆ ಮೂರನೇ ಮೂಲೆ ಮುಟ್ಟಿದೆ.

ಬಾಗಿಲು! ಬಾಗಿಲು ಹಾಕ್ರೀ! ಎಂದಿತು ಆರನೇ ಕೋಣೆ, ಕಿಟಕಿ ಪಕ್ಕದ ಮಂಚದವಳು ದುಪಟಿಯನ್ನು ಮೂಗಿನವರೆಗೆ ಎಳೆದುಕೊಂಡು, ಗಾಳಿ ಸುಳಿಯತ್ತೆ, ನಮ್ಮನ್ನ ಸಾಯಿಸೋಕೆ ಬಂದ್ರಾ ಬದುಕಿಸೋಕೆ ಬಂದ್ರಾ? ಕಿಟಕಿ ಮುಚ್ಚೇ ಇದೆಯಲ್ಲಮ್ಮಾ ಎಂದರು ಹೆಡ್ ಸಿಸ್ಟರ್. ಮುಚ್ಚಿದ್ರೂ ಸುಳಿಯತ್ತೆ, ನಮ್ಮಕ್ಕನ ಬಾಯಿ ಸೊಟ್ಟಗಾಗಿದ್ದು ಮುಚ್ಚಿದ ಕಿಟಕಿಯಿಂದಾನೇ. ಬಾಗಿಲು ಮುಚ್ಚಲಿಲ್ಲ, ಯಾಕೆಂದರೆ ಅದರಲ್ಲಿ ಝಿವಾದಿನ್ ಅಜ್ಜ ನಿಂತಿದ್ದ, ಮೊಲದ ಚಪ್ಪಲಿಯ ಸಮೇತ, ತಾನೇ ಹೆಣ್ಣು ತೋರಿಸಿದ ಮದುವೆಗೆ ಬಂದವನ ಹಾಗೆ ಎದೆ ಉಬ್ಬಿಸಿಕೊಂಡು, ಅವನ ಭುಜದ ಮೇಲಿನಿಂದ ತಿಹೋಮಿರ್‌ನ ತಲೆ, ತಿಹೋಮಿರ್ ನಗುತ್ತಿರಲಿಲ್ಲ. ಅವನು ನಗದೇ ಇದ್ದದ್ದನ್ನು ಅವಳು ನೋಡಿದ್ದು ಇದೇ ಮೊದಲು.

ಬಂದ್ಯಾ ಮಗಾ, ಎಂದಳು ಸ್ತಾಮೆನಾ ಅಜ್ಜಿ. ಆಯ್ತು, ಇವಳಾದ್ರೆ ಸರಿ. ಜಡೆ ಹೆಣೆದಾಗ್ಲೇ ಅಂದ್ಕೊಂಡೆ, ಕೂದ್ಲು ಎಳೀದೇ ಹೆಣೀತಾಳಲ್ಲ ಈ ಕೂಸು ಅಂತ. ನಮ್ಮ ಮನೇಲೂ ಒಬ್ಳು ಅವಳೆ, ಬಾಚಿದ್ರೆ ಹುಲ್ಲು ಕಿತ್ತಂಗೆ. ತೋಳು ಹೊದಿಕೆಯಿಂದ ಹೊರಬಂತು. ಮೊಣಕೈ ಕೆಳಗೆ ಹೆಡ್ ಸಿಸ್ಟರ್ ದಿಂಬಿಟ್ಟರು, ನಾನಿಲ್ಲೇ ಇದೀನಿ, ಇವತ್ತು ಯಾವ ಫೋನಿಗೂ ಹೋಗಲ್ಲ, ನಿನ್ನ ಕೈ ನಾನೂ ನೋಡಬೇಕು. ಎಲ್ಲರೂ ನೋಡಬೇಕು. ಸೆಂಕಾ ಕೈಗವಸು ಹಾಕಿಕೊಂಡಳು, ಬೆರಳು ಬೇರೆ ಬೇರೆ ಗೂಡು ಸೇರಿದವು, ತೆಗೆದು ಮತ್ತೆ ಹಾಕಿಕೊಂಡಳು. ರಬ್ಬರ್ ಪಟ್ಟಿ ಕಟ್ಟಿದಳು. ಒಣಗಿದ ಚರ್ಮ, ತೆಳು ಹಿಟ್ಟಿನ ಹಾಳೆಯ ಹಾಗೆ ಮಡಿಕೆ ಮಡಿಕೆ, ಅವಳ ತೋರುಬೆರಳು ಅದರ ಮೇಲೆ ನಡೆಯಿತು, ನೀಲಿ ಕಡೆ ಬೇಡ, ಹಳದಿ ಕಡೆ ಬೇಡ, ಹೊರಮಗ್ಗುಲಿಗೆ, ಕೆಳಗೆ, ಯಾರೂ ಹುಡುಕದ ಕಡೆ, ಅಲ್ಲಿ — ಅಲ್ಲೇನೋ ಬೆರಳನ್ನು ಮೆತ್ತಗೆ ಹಿಂದಕ್ಕೆ ನೂಕಿತು, ಪೇರಾ ಮಾವನದಕ್ಕಿಂತ ಸಣ್ಣದು, ಜೀವ ಇರುವುದು. ಇದೆ. ಇಲ್ಲಿದೆ. ಇದು ಅವಳದೇ ಬೆರಳು, ಇದನ್ನು ತಿಹೋಮಿರ್ ಹುಡುಕಿಕೊಟ್ಟದ್ದಲ್ಲ, ಒಂದು ಕ್ಷಣ ಅವಳಿಗೆ ನಗು ಬಂತು, ಅಳುವೂ ಬಂತು, ಹತ್ತಿಯಿಂದ ಒರೆಸಿದಳು, ಸೂಜಿಯ ಮುಚ್ಚಳ ತೆಗೆದಳು, ಇನ್ನೇನು ಕ್ಷಮಿಸಿ ಅನ್ನಬೇಕು, ತಲೆ ಎತ್ತಿದಳು.

ಅಜ್ಜಿ ಕಣ್ಣು ಮುಚ್ಚಿರಲಿಲ್ಲ. ಎಲ್ಲರೂ ಮುಚ್ಚುತ್ತಾರೆ, ಇಲ್ಲ ಗೋಡೆ ನೋಡುತ್ತಾರೆ, ಇವಳು ಸೆಂಕಾಳ ಮುಖವನ್ನೇ ನೋಡುತ್ತಿದ್ದಾಳೆ, ಬೂದು ಕಣ್ಣು, ಹೆದರಿಕೆಯ ಕಣ್ಣು, ಹೆದರಿಕೆಯ ಮೇಲೆ ನಂಬಿಕೆಯನ್ನು ಹೊದಿಕೆ ಎಳೆದ ಹಾಗೆ ಎಳೆದುಕೊಂಡಿದ್ದಾಳೆ, ನಾಳಿದ್ದು ದೀಪ ಹಚ್ಚುವವಳು, ನೋವಾಗಲ್ಲ ಅಲ್ವಾ ಮಗಾ, ಅಂದಳು, ಆ ದಪ್ಪ ಮೀಸೆಯವನಿಗೆ ನೋವೇ ಆಗ್ಲಿಲ್ಲವಂತಲ್ಲ. ಆ ಮೀಸೆಯವನು ಬಾಗಿಲಲ್ಲಿ ಹೌದು ಹೌದು ಎಂದು ತಲೆ ಆಡಿಸುತ್ತಿದ್ದಾನೆ. ಅಮ್ಮ ಕೈಯನ್ನು ತಿರುಗಿಸಿ ನೋಡುತ್ತಿದ್ದಾಳೆ, ಹೊದಿಕೆಯ ಕೆಳಗೆ ಇಡುತ್ತಿದ್ದಾಳೆ. ಹೆಡ್ ಸಿಸ್ಟರ ಎದೆಯ ಸೋಪಿನ ವಾಸನೆ. ಉಸಿರೆಳೆದುಕೊಳ್ಳುವಷ್ಟು ಜಾಗ, ಎರಡು ಮಾತು ಹಿಡಿಸುವಷ್ಟು, ಅದೇ ಗಳಿಗೆ ಮತ್ತೆ ಬಂದು ಎದುರಿಗೆ ನಿಂತಿದೆ, ಒಮ್ಮೆ ಬಂದದ್ದು ಮತ್ತೆ ಬರುವುದಿಲ್ಲ ಅಂದವರು ಯಾರು, ಆದರೆ ಮೂರನೇ ಸಲ ಬಾರದು. ತಳ್ಳುಗಾಡಿಯ ಕೆಳತಟ್ಟು, ಎಣ್ಣೆ ನಾಲ್ಕನೇ ಮೂಲೆಗೂ ಮುಟ್ಟಿಬಿಟ್ಟಿದೆ, ಕಾಗದ ಗಾಜಾಗಿದೆ, ಚೂರು ಕಾಣುತ್ತಿದೆ.

ಸೂಜಿ ಇಳಿಯಿತು, ತೋಳಿಗಲ್ಲ, ಗಾಡಿಯ ಮೇಲಿನ ತಟ್ಟೆಗೆ. ಟಿಂ.

ಅಜ್ಜೀ, ಎಂದಳು ಸೆಂಕಾ, ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಹೊರಬಂತು, ಬಾಗಿಲಿನವರೆಗೂ, ಅದರಾಚೆಗೂ. ನಾನು ಇವತ್ತಿನವರೆಗೂ ಯಾರಿಗೂ ಸೂಜಿ ಚುಚ್ಚಿಲ್ಲ. ಆ ಅಜ್ಜಂಗೂ ಇಲ್ಲ.

ಹಾಳೆ ಮೇಲೆ ಹಾಳೆ, ಮೊಟ್ಟೆಯ ಹಳದಿ, ಚೀಸಿನ ಬಿಳಿ, ಒಂದು ಮೂಲೆ ಸ್ವಲ್ಪ ಸೀದಿದೆ, ಕಾಗದದೊಳಗಿನಿಂದ ಪದರ ಪದರವಾಗಿ ಕಾಣುತ್ತಿರುವ ಆ ಚೂರು, ಆ ಚೂರು, ದಿಂಬಿನ ಮೇಲಿನ ತೋಳು ಇನ್ನೂ ಅಲ್ಲೇ ಇದೆ, ಹೊದಿಕೆಯೊಳಗೆ ಹೋಗಿಲ್ಲ, ಆ ಚೂರು.